ಸರ್ವರಿನಲ್ಲಿ ಮಲಗಿದ್ದ ಸಂತೆ

ನಮ್ಮ ಕಾರ್ಖಾನೆಯ ಕಂಪ್ಯೂಟರ್ ಸರ್ವರಿಗೆ ವರ್ಷದಲ್ಲಿ ಒಂದೇ ದಿನ ರಜೆ, ಆಯುಧಪೂಜೆಯ ಖಂಡೇನವಮಿಯಂದು. ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶ ತಾರಿಹಾಳದಲ್ಲಿ ಆ ದಿನ ಯಾವ ಶೆಡ್ಡಿನಿಂದಲೂ ಸಪ್ಪಳ ಬರುವುದಿಲ್ಲ. ಲೇಥುಗಳನ್ನು ಒರೆಸಿ, ಸ್ಪ್ಯಾನರು ಸುತ್ತಿಗೆಗಳನ್ನು ತೊಳೆದು, ಕೆಂಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಇಟ್ಟ ಮೇಲೆ ಮುಟ್ಟುವಂತಿಲ್ಲ. ಮರುದಿನ ಬನ್ನಿ ಕೊಡುವ ಹೊತ್ತಿಗೆ ಅವರವರ ಹತ್ಯಾರವನ್ನು, ಅಂದರೆ ಉಪಕರಣವನ್ನು, ಅವರವರೇ ಎತ್ತಿಕೊಳ್ಳಬೇಕು. ಒಬ್ಬರ ಹತ್ಯಾರವನ್ನು ಇನ್ನೊಬ್ಬರು ಎತ್ತಬಾರದು. ಯಾರೂ ಬರೆದಿಟ್ಟ ನಿಯಮವಲ್ಲ ಇದು, ಆದರೆ ಯಾರೂ ಮೀರಿದ್ದನ್ನು ನಾನು ನೋಡಿಲ್ಲ. ಒಮ್ಮೆ ಒಬ್ಬ ವೆಲ್ಡರ್ ಜ್ವರ ಬಂದು ಮನೆಯಲ್ಲೇ ಉಳಿದಾಗ ಅವನ ಸುತ್ತಿಗೆ ಆ ಕೆಂಪು ಬಟ್ಟೆಯ ಮೇಲೆ ಒಂದೇ ಒಂದು ಬಿದ್ದುಕೊಂಡಿತ್ತು. ಬಟ್ಟೆ ಮಡಿಸಲು ಬಂದ ಹೆಂಗಸು ಸುತ್ತಿಗೆಯನ್ನು ಮುಟ್ಟದೆ ಅದರ ಸುತ್ತಲೂ ಕಸ ಗುಡಿಸಿ ಹೋದಳು.

ಸರ್ವರ್ ಯಂತ್ರವನ್ನೂ ಹತ್ಯಾರವೆಂದು ಲೆಕ್ಕಕ್ಕೆ ಹಿಡಿದವರು ಕಾಕಾ. ನನಗಿಂತ ಮೊದಲು ನಮ್ಮ ಕಂಪ್ಯೂಟರುಗಳನ್ನು ನೋಡಿಕೊಂಡವರು, ನನಗೆ ಈ ಕೆಲಸ ಕಲಿಸಿದವರು ಅವರೇ. ಹಳೇ ಹುಬ್ಬಳ್ಳಿಯ ಮುಸ್ಲಿಂ ಮೆಕ್ಯಾನಿಕರ ಮನೆತನ. ತಂದೆ ಡೀಸೆಲ್ ಇಂಜಿನ್ ಬಿಚ್ಚುತ್ತಿದ್ದರು, ಅಣ್ಣಂದಿರು ಸ್ಕೂಟರು. ಕಾಕಾ ಲೇಥಿನ ಕೆಲಸಕ್ಕೆಂದು ಸೇರಿದ್ದರು. ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಮುಚ್ಚಳ ಬಿಚ್ಚಲು ಹೆದರದವರು ಅವರೊಬ್ಬರೇ. ಹಾಗಾಗಿ ಅದು ಅವರ ಪಾಲಿಗೇ ಬಂತು. ಖಂಡೇಪೂಜೆಯ ಹಿಂದಿನ ಸಂಜೆ ಉಳಿದವರೆಲ್ಲ ತಮ್ಮ ಯಂತ್ರ ತೊಳೆಯುವಾಗ ಇವರು ಸರ್ವರಿನ ಕೋಣೆಗೆ ಹೋಗಿ ಡೇಟಾಬೇಸುಗಳನ್ನು ಮಲಗಿಸುತ್ತಿದ್ದರು.

ಮಲಗಿಸುವುದು ಎಂಬುದು ಕಾಕಾರದೇ ಮಾತು. ನಮ್ಮಲ್ಲಿ ಉಗ್ರಾಣದ ಲೆಕ್ಕಕ್ಕೊಂದು ಡೇಟಾಬೇಸ್, ಹಾಜರಿಗೊಂದು, ನಾವು ಎರಕ ಹೊಯ್ಯುವ ವಾಲ್ವುಗಳ ನಕ್ಷೆಗಳಿಗೊಂದು ಇವೆ. ಪ್ರತಿಯೊಂದೂ ಡಿಸ್ಕಿನ ಮೇಲೆ ಎರಡೆರಡು ಫೈಲುಗಳಾಗಿ ಕೂತಿರುತ್ತದೆ. ಈ ಫೈಲುಗಳು ನಿನ್ನವು ಎಂದು ಸರ್ವರಿಗೆ ಹೇಳಿದರೆ ಅದು ಅವನ್ನು ತೆರೆದು ಕೆಲಸಕ್ಕೆ ಹಚ್ಚುತ್ತದೆ. ಬಿಟ್ಟುಬಿಡು ಎಂದರೆ ಕೈಬಿಡುತ್ತದೆ. ಆಗ ಫೈಲು ಇದ್ದಲ್ಲೇ ಇರುತ್ತದೆ, ಆದರೆ ಅದನ್ನು ನನ್ನದು ಅನ್ನುವವರು ಇರುವುದಿಲ್ಲ. ಹೀಗೆ ಬಿಡಿಸುವುದು ಮಲಗಿಸುವುದು; ಮರುದಿನ ಮತ್ತೆ ಜೋಡಿಸುವುದು ಎಬ್ಬಿಸುವುದು. ಯಾವ ಪುಸ್ತಕವೂ ಒಂದು ದಿನದ ರಜೆಗೆ ಇಷ್ಟೆಲ್ಲ ಮಾಡಲು ಹೇಳುವುದಿಲ್ಲ. ಹೊಸದರಲ್ಲಿ ನಾನು ಕೇಳಿಯೂ ಕೇಳಿದ್ದೆ.

“ಬಂದ್ ಮಾಡಿಟ್ರ ಸಾಕಲ್ರಿ ಕಾಕಾ?”

“ಬಂದ್ ಮಾಡೂದಂದ್ರ ಎತ್ತಿನ ಹೆಗಲ ಮ್ಯಾಲೆ ನೊಗಾ ಇಟ್ಟು ನಿಂದರ್ಸಿದಂಗ ತಂಗೀ. ನೊಗಾ ಬಿಚ್ಚಬೇಕು. ಆವಾಗ ಅದಕ್ಕ ಖರೇ ರಜಾ.”

ನಾನು ಹೆಬ್ಬಳ್ಳಿಯ ಹೊಲದ ಮನೆಯಿಂದ ಬಂದವಳು. ನೊಗದ ಮಾತು ಹೇಳಿದ ಮೇಲೆ ಮತ್ತೆ ಕೇಳಲಿಲ್ಲ. ಆ ವರ್ಷ ಮಾಲಕರ ತಾಯಿ ಲಾರಿಯ ಗಾಲಿಗೆ ಇಟ್ಟಂತೆ ಸರ್ವರಿನ ಕೆಳಗೂ ಒಂದು ನಿಂಬೆಹಣ್ಣು ಇಡಬೇಕೆಂದು ಬಂದಿದ್ದರು. “ಅವ್ವಾರ, ಇದು ಎಲ್ಲಿಗೂ ಹೋಗೂದಲ್ರಿ, ನಿಂಬಿಹಣ್ಣು ಹೆಂಗ ಒಡೀತೈತಿ?” ಎಂದು ಕಾಕಾ ಅದನ್ನು ಕೈಯಲ್ಲಿ ತೆಗೆದುಕೊಂಡು, ಸಂಜೆ ನಮಗೆಲ್ಲ ಪಾನಕ ಮಾಡಿಸಿದರು.

ಕಾಕಾ ನಿವೃತ್ತರಾಗಿ ಬಹಳ ವರ್ಷಗಳಾದವು. ಹೋದ ವರ್ಷ ಯುಗಾದಿ ಕಳೆದು ಬಿಸಿಲು ಏರುವ ದಿನಗಳಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ನಿಂತಿತು. ಕೈ ನಿಧಾನಕ್ಕೆ ಅರ್ಧಕ್ಕರ್ಧ ಮರಳಿತು. ಮಾತು ಮರಳಲಿಲ್ಲ. ಮಾತಿನ ಅಭ್ಯಾಸ ಮಾಡಿಸಲು ಒಬ್ಬ ಹುಡುಗಿ ಮನೆಗೆ ಬರುತ್ತಿದ್ದಳು. ಬಹಳ ಸೌಮ್ಯ ಹುಡುಗಿ. ಅವಳ ಚೀಲದಲ್ಲಿ ಒಂದು ಚಿತ್ರದ ಪುಸ್ತಕ: ಸೇಬು, ಚೆಂಡು, ಬೆಕ್ಕು, ಛತ್ರಿ. ಒಂದೊಂದನ್ನೇ ತೋರಿಸಿ “ಇದೇನ್ರಿ ಅಜ್ಜಾರ?” ಎನ್ನುತ್ತಿದ್ದಳು. ಕಾಕಾ ತುಟಿ ಬಿಗಿದು ಗೋಡೆಯ ಕಡೆ ತಿರುಗುತ್ತಿದ್ದರು. ಆಗದೆ ಅಲ್ಲ, ಒಲ್ಲದೆ. ಮಾತು ಹುಡುಕುವುದನ್ನೇ ಅವರು ಬಿಟ್ಟಿದ್ದರು. ಈ ಮೊದಲ ತಿಂಗಳುಗಳಲ್ಲಿ ಅಭ್ಯಾಸ ಮಾಡಿದಷ್ಟೂ ಒಳ್ಳೆಯದು, ಈಗ ಬಿಟ್ಟರೆ ಆಮೇಲೆ ಬಹಳ ಕಷ್ಟವೆಂದು ಆ ಹುಡುಗಿ ಕಾಕುಗೆ ಹೇಳಿದ್ದಳು. ಕಾಕು ಎಂದರೆ ಕಾಕಾ ಅವರ ಹೆಂಡತಿ.

ನಾನು ಭಾನುವಾರಗಳಂದು ಧಾರವಾಡದ ಲಕಮನಹಳ್ಳಿಯ ನನ್ನ ಮನೆಯಿಂದ ಬಸ್ಸು ಹಿಡಿದು ಅವರನ್ನು ನೋಡಲು ಹೋಗುತ್ತಿದ್ದೆ. ಕಾಕಾ ಕಿಟಕಿಯ ಪಕ್ಕದ ಮಂಚದ ಮೇಲೆ, ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ನನ್ನನ್ನು ಕಂಡರೆ ಕಣ್ಣು ನಗುತ್ತಿತ್ತು. ಮಾತಿಗೆ ಕಾಕು ಒಬ್ಬರೇ.

“ನೋಡವಾ, ಆಗೂದಿಲ್ಲ ಅಂದ್ರ ದೇವರ ಇಚ್ಛಾ ಅಂತ ಸುಮ್ನಿರಬೌದು. ಒಲ್ಲೆ ಅಂದ್ರ ಏನ್ ಮಾಡೂದು? ಮದಿವಿ ಆದಾಗಿಂದ ಎಷ್ಟ್ ಮಾತಾಡ್ತಿ, ಬಾಯಿ ಮುಚ್ಚು ಅಂದಾವ್ರು. ಈಗ ಇಡೀ ಮನೀ ಮಾತು ನಾ ಒಬ್ಬಾಕೀನ ಆಡಬೇಕಾಗೇತಿ. ಜಗಳಾಡಾಕರೆ ಒಂದ್ ಜೋಡಿ ಬೇಕೋ ಬ್ಯಾಡೋ?”

ಕಾಕಾ ಕಿಟಕಿಯಾಚೆ ನೋಡುತ್ತಿದ್ದರು. ಕಾಕು ಅವರ ತೋಳಿನ ಮೇಲೆ ಕೂತ ನೊಣ ಓಡಿಸಿ, ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತರು.

ಮಳೆಗಾಲದ ನಡುವೆ ಸರ್ವರಿನ ಡಿಸ್ಕು ತುಂಬುತ್ತ ಬಂತು. ಮುಂಜಾನೆ ಬಂದವಳು ನಾನು ಮೊದಲು ನೋಡುವುದು ಅದನ್ನೇ. ಕೋಣೆಯ ಬಾಗಿಲು ತೆಗೆದು, ಎರಕದ ಕರಿ ಧೂಳು ಒಳಗೆ ಬರದಂತೆ ಹೊಸ್ತಿಲಿಗೆ ಹಾಸಿದ ಒದ್ದೆ ಚೀಲವನ್ನು ಹಿಂಡಿ ಹಾಸಿ, ಪರದೆ ಹೊತ್ತಿಸುವುದು. ಅವತ್ತು ಡಿಸ್ಕಿನ ಅಳತೆ ತೋರಿಸುವ ನೀಲಿ ಪಟ್ಟಿ ಕೆಂಪಾಗಿತ್ತು. ಮಾಲಕರಿಗೆ ಹೇಳಿದೆ. ಅವರದು ಹತ್ತಿ ವ್ಯಾಪಾರದ ಮನೆತನ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸದಾ ಯಾವುದೋ ವಾಲ್ವಿನ ತುಂಡು.

“ಡಿಸ್ಕ್ ತುಂಬಾಕ ಬಂದೈತ್ರಿ.”

“ಹೊಸಾದು ತರಬೇಕೇನ್ರಿ ಅಕ್ಕಾರ?”

“ತರೂದಕ್ಕಿಂತ ಮೊದಲು ಒಳಗ ಬ್ಯಾಡಾದ್ದು ಏನೇನೈತಿ ನೋಡತೇನ್ರಿ.”

“ಹಂಗ ಮಾಡ್ರಿ. ನಮ್ಮವ್ವ ಅಟ್ಟದ ಮ್ಯಾಲೆ ಡಬ್ಬಿ ಕೂಡಿಸಿಟ್ಟಾಳ. ತಗದು ನೋಡಿದ್ರ ಒಳಗ ಮತ್ತೊಂದು ಡಬ್ಬಿ. ಯಾರೂ ನಂದು ಅನ್ನಲಾರದ್ದೆಲ್ಲಾ ಅಳಿಸಿಬಿಡ್ರಿ. ಮುಂದಿನ ವಾರ ನಕ್ಷಾದ ಹೊಸ ಸಾಫ್ಟ್‌ವೇರ್ ಹಾಕೂದೈತಿ, ಜಾಗಾ ಬೇಕು.”

ಯಾರೂ ನನ್ನದು ಅನ್ನದ ಫೈಲುಗಳನ್ನು ಹುಡುಕುವುದು ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ. ಹೆಬ್ಬಳ್ಳಿಯ ನಮ್ಮ ಮನೆಯಲ್ಲಿ ಏನಾದರೂ ಕಾರ್ಯ ನಡೆದು ಬಂದವರೆಲ್ಲ ಹೋದ ಮೇಲೆ ಕಟ್ಟೆಯ ಕೆಳಗೆ ಒಂದಿಷ್ಟು ಚಪ್ಪಲಿ ಉಳಿದಿರುತ್ತಿದ್ದವು. ನಮ್ಮವ್ವ ಮನೆಯೊಳಗಿನ ಒಬ್ಬೊಬ್ಬರನ್ನೂ ಕರೆದು ಯಾವ ಜೋಡಿ ಯಾರದೆಂದು ಕೇಳಿ ಬದಿಗಿಡಿಸುತ್ತಿದ್ದಳು. ಕೊನೆಗೆ ಯಾರೂ ಹೌದೆನ್ನದ ಜೋಡಿ ಉಳಿದರೆ ಅದನ್ನು ತಿಪ್ಪೆಗೆ ಎಸೆಯುತ್ತಿರಲಿಲ್ಲ. ತೊಲೆಯ ಪಕ್ಕದ ಗೂಡಿನಲ್ಲಿಟ್ಟು, ಬಂದವರು ಕೇಳಬಹುದೆಂದು ಕಾಯುತ್ತಿದ್ದಳು. ಈ ಕೆಲಸಕ್ಕೆಂದು ನಾನು ಬರೆದ ಸ್ಕ್ರಿಪ್ಟು, ಎಂದರೆ ಸರ್ವರಿಗೆ ಕೊಡುವ ಆಜ್ಞೆಗಳ ಪಟ್ಟಿ, ಮಾಡುವುದೂ ಅದನ್ನೇ. ಸರ್ವರಿನಲ್ಲಿ ಎಚ್ಚರವಿರುವ ಡೇಟಾಬೇಸುಗಳನ್ನೆಲ್ಲ ಕರೆದು ನಿಮ್ಮ ಫೈಲು ಯಾವುವು ಎಂದು ಕೇಳುತ್ತದೆ. ಆಮೇಲೆ ಡಿಸ್ಕಿನ ಮೇಲೆ ನಿಜವಾಗಿ ಯಾವ ಫೈಲುಗಳಿವೆ ಎಂದು ತಾನೇ ಹೋಗಿ ನೋಡುತ್ತದೆ. ಎರಡನ್ನೂ ಜೋಡಿಸಿ, ಯಾರೂ ಕೇಳದೆ ಉಳಿದವನ್ನು ಪರದೆಯ ಮೇಲೆ ಇಳಿಸುತ್ತದೆ.

ಮೊದಲ ಸಲ ಓಡಿಸಿದಾಗ ಎಲ್ಲವೂ ಅನಾಥವೆಂದು ಬಂತು. ಹಾಜರಿ, ಉಗ್ರಾಣ, ನಕ್ಷೆ ಎಲ್ಲ. ಇಡೀ ಕಾರ್ಖಾನೆಗೆ ಹೇಳುವವರು ಕೇಳುವವರು ಇಲ್ಲ! ಎದ್ದು ಹೋಗಿ ಚಹಾ ಕುಡಿದು ಬಂದು ನೋಡಿದೆ. ಒಂದು ಕಡೆ ಫೈಲಿನ ಹೆಸರನ್ನು ಅದಿರುವ ದಾರಿಯ ಸಮೇತ ಓದುತ್ತಿದ್ದೆ, ಇನ್ನೊಂದು ಕಡೆ ಬರಿಯ ಹೆಸರು. ಅಡ್ಡಹೆಸರು ಹೇಳಿದವನನ್ನು ಬರಿಯ ಹೆಸರಿನಿಂದ ಹುಡುಕಿದರೆ ಸಿಕ್ಕಾನೆಯೆ? ಸರಿಪಡಿಸಿದೆ. ಅಳಿಸುವ ಆಜ್ಞೆಯನ್ನು ನಾನು ಇಂಥ ಸ್ಕ್ರಿಪ್ಟಿನಲ್ಲಿ ಬರೆಯುವುದೇ ಇಲ್ಲವಾದ್ದರಿಂದ ಏನೂ ಕೆಡಲಿಲ್ಲ. ಹುಡುಕೋ ಕೈ ಬೇರೆ, ಅಳಿಸೋ ಕೈ ಬೇರೆ ಇರಬೇಕು ಎಂಬುದೂ ಕಾಕಾ ಕಲಿಸಿದ್ದೇ.

ಎರಡನೆಯ ಸಲ ಉಳಿದವು ನಿಜವಾದ ಬಿಟ್ಟುಹೋದ ಚಪ್ಪಲಿಗಳು. ಯಾರೋ ಒಂದು ತಿಂಗಳು ಪರೀಕ್ಷೆಗೆಂದು ಹಾಕಿ, ನಮಗೆ ಬೇಡವಾಗಿ ಹಿಂದಿರುಗಿದ ಹಾಜರಿಯ ತಂತ್ರಾಂಶದ ದೊಡ್ಡ ಫೈಲುಗಳು. ಜಾಗವನ್ನೆಲ್ಲ ತಿಂದವು ಅವೇ. ಉಗ್ರಾಣದ ಲೆಕ್ಕ ಬದಲಿಸುವ ಮುಂಚೆ ತೆಗೆದಿಟ್ಟ ನಕಲುಗಳು. ಅವುಗಳಿಗೆ ಯಾರೋ ‘ಇರ್ಲಿ’ ಎಂದೇ ಹೆಸರಿಟ್ಟಿದ್ದರು, ಒಂದಕ್ಕೆ ‘ಇದೂ ಇರ್ಲಿ’. ಎಲ್ಲಕ್ಕೂ ಕೊನೆಗೆ, ಒಂದು ಫೋಟೋದಷ್ಟೂ ಜಾಗ ಹಿಡಿಯದ ಒಂದು ಪುಟ್ಟ ಜೋಡಿ. ಹೆಸರು ‘ಸಂತಿ’.

ನಾನು ಕುರ್ಚಿಯನ್ನು ಹಿಂದೆ ಸರಿಸಿದೆ. ಆ ಹೆಸರು ನನಗೆ ಗೊತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಕೀಲಿಮಣೆ ಮುಟ್ಟಲೂ ಅಂಜಿಕೆ. ಡಿಪ್ಲೊಮಾ ಮಾಡಿದ್ದೆ, ನಿಜ. ಕಾಗದದ ಮೇಲೆ ಉತ್ತರ ಬರೆದು ಪಾಸಾಗಿದ್ದೆ. ಕಾರ್ಖಾನೆಯ ಜೀವಂತ ಲೆಕ್ಕದಲ್ಲಿ ಕೈಯಿಟ್ಟರೆ ಏನು ಉರುಳುತ್ತದೋ ಎಂದು ಬೆವರುತ್ತಿದ್ದೆ. ಕಾಕಾ ಒಂದು ದಿನ ಕೇಳಿದರು.

“ತಂಗೀ, ನಿಮ್ಮ ಮನ್ಯಾಗ ಸಂತಿ ಮಾಡೋರ್ಯಾರು?”

“ಅಪ್ಪಾರಿ. ಕಾಯಿಪಲ್ಯೆ ತಗೊಂಡು ಧಾರವಾಡಕ್ಕ ಬರತಾರ. ಸಾಲಿ ಸೂಟಿ ಇದ್ರ ನಾನೂ ಬರತಿದ್ದೆ.”

“ಹಂಗಾರ ನಿನಗ ಎಲ್ಲಾ ಗೊತ್ತೈತಿ. ಕುಂದ್ರು.”

ಅವತ್ತು ಅವರು ನನಗೆಂದೇ ಒಂದು ಸಂತೆ ಕಟ್ಟಿದರು. ಬದನೆಕಾಯಿ, ಹಸಿಮೆಣಸಿನಕಾಯಿ, ಮೆಂತ್ಯ, ಹಕ್ಕರಿಕೆ ಸೊಪ್ಪು ಒಂದು ಕಡೆ. ಮಾರುವವರು ಒಂದು ಕಡೆ, ಕೊಳ್ಳುವವರು ಒಂದು ಕಡೆ. ಕೊಳ್ಳುವವರಲ್ಲಿ ಒಬ್ಬಳು ‘ಚೌಕಾಶಿ ಅಕ್ಕ’, ಒಬ್ಬ ‘ಬರೇ ರೇಟ್ ಕೇಳಾಂವ’. ಈ ಎರಡನೆಯವನ ಹೆಸರಿನಲ್ಲಿ ಒಂದೂ ಖರೀದಿ ಇರಲಿಲ್ಲ. ಯಾಕ್ರಿ ಎಂದರೆ, “ಏನೂ ತಗೊಳ್ಳದಾಂವನೂ ಸಂತಿಗೆ ಬಂದಾನಲ್ಲ? ಲೆಕ್ಕದಾಗ ಅಂವ ಕಾಣಬೇಕು. ಹೆಂಗ ತೋರಸ್ತಿ, ಹುಡುಕು,” ಎಂದರು. ಇಡೀ ಒಂದು ದಿನ ನಾನು ಆ ಮನುಷ್ಯನನ್ನು ಪರದೆಯ ಮೇಲೆ ತರಲು ಒದ್ದಾಡಿದ್ದೆ. ಇದರ ಮೇಲೆ ಅವರು ಕೊಸರಿಗೊಂದು ಬೇರೆಯೇ ಕಾಲಂ ಮಾಡಿದ್ದರು. ತೂಕವಾದ ಮೇಲೆ ಮಾರುವವರು ಪ್ರೀತಿಗೆ ಹಾಕುವ ಒಂದು ಹಿಡಿ, ಅದು ಕೊಸರು. ನಾನು ಆ ಕಾಲಂ ಖಾಲಿ ಬಿಟ್ಟರೆ ಇಡೀ ಸಾಲನ್ನು ವಾಪಸು ಕಳಿಸುತ್ತಿದ್ದರು. “ಕೊಸರಿಲ್ಲದ್ದು ಯಾಪಾರ ಅಲ್ಲ ತಂಗೀ, ದರೋಡಿ.”

ಸಂತೆಯಲ್ಲಿ ಏನು ಉರುಳಿಸಿದರೂ ಯಾರಿಗೂ ನಷ್ಟವಿರಲಿಲ್ಲ. ಅಲ್ಲಿ ಬಿದ್ದು ಎದ್ದು ನಾನು ಕೆಲಸ ಕಲಿತೆ. ಆಮೇಲೂ ಹೊಸದೇನಾದರೂ ಮಾಡಬೇಕಾದರೆ ಮೊದಲು ಸಂತೆಯ ಮೇಲೆ ಮಾಡಿ ನೋಡುತ್ತಿದ್ದೆ. ಖಂಡೇಪೂಜೆಗೆ ಕಾಕಾ ಉಳಿದವನ್ನು ಮಲಗಿಸುವಾಗ ಅದನ್ನೂ ಮಲಗಿಸುತ್ತಿದ್ದರು. ಮರುದಿನ ಉಳಿದವನ್ನು ತಾವು ಎಬ್ಬಿಸಿ, ಸಂತೆಯನ್ನು ನನಗೆ ಬಿಡುತ್ತಿದ್ದರು. “ಇದು ನಿನ್ನ ಹತ್ಯಾರ. ನೀನ ಎತ್ತು.”

ಆ ಫೈಲು ಕೊನೆಯ ಸಲ ಬದಲಾದ ದಿನವನ್ನು ನೋಡಿದೆ. ಖಂಡೇಪೂಜೆಯ ಹಿಂದಿನ ಸಂಜೆ. ಆ ವರ್ಷ ನನ್ನ ಮಗಳ ಮೈಮೇಲೆ ಅಮ್ಮ ಎದ್ದಿತ್ತು. ಮೈತುಂಬ ಬೊಕ್ಕೆ. ಮನೆಯಲ್ಲಿ ಅಮ್ಮ ಇದ್ದಾಗ ಹೊರಗೆ ಕಾಲಿಡಬಾರದೆಂದು, ಬೇವಿನ ನೀರು ಹಾಕುವವರೆಗೂ ನಾನು ಮನೆಯಲ್ಲೇ ಉಳಿದಿದ್ದೆ. ಕಾಕಾ ಒಬ್ಬರೇ ಎಲ್ಲವನ್ನೂ ಮಲಗಿಸಿದ್ದಾರೆ, ಒಬ್ಬರೇ ಎಬ್ಬಿಸಿದ್ದಾರೆ. ನನ್ನದನ್ನು ಮುಟ್ಟಿಲ್ಲ. ಅವಳು ಬಂದು ಎತ್ತಿಕೊಳ್ಳಲಿ ಎಂದು ಬಿಟ್ಟಿದ್ದಾರೆ. ನಾನು ಬರುವ ಹೊತ್ತಿಗೆ ದೀಪಾವಳಿಯ ಆರ್ಡರುಗಳ ಗದ್ದಲ, ಅದರ ಬೆನ್ನಿಗೇ ಅವರ ನಿವೃತ್ತಿ, ಅವರ ಕೆಲಸವೆಲ್ಲ ನನ್ನ ತಲೆಯ ಮೇಲೆ. ಕಲಿಯುವ ಸಂತೆಯ ನೆನಪು ಯಾರಿಗಿರುತ್ತದೆ? ಆ ವೆಲ್ಡರನ ಸುತ್ತಿಗೆಯ ಹಾಗೆ ಅದು ಅಲ್ಲೇ ಬಿದ್ದುಕೊಂಡಿತು. ಎರಡು ಸಲ ಸರ್ವರು ಬದಲಾದಾಗ ಇಡೀ ಫೋಲ್ಡರನ್ನೇ ಹೊತ್ತು ತಂದಿದ್ದೆ. ಮಲಗಿದ್ದಲ್ಲೇ ಅದೂ ಬಂದಿತ್ತು.

ಮೂಲವನ್ನು ಮುಟ್ಟದೆ ಮೊದಲು ಒಂದು ನಕಲು ಮಾಡಿಕೊಂಡೆ. ಹಳೆಯ ಕಾಲದ ಫೈಲನ್ನು ಹೊಸ ಸರ್ವರಿಗೆ ಜೋಡಿಸಿದರೆ ಅದು ಹೊಸ ಕಾಲಕ್ಕೆ ಬದಲಾಗಿಬಿಡುತ್ತದೆ, ಹಿಂದಕ್ಕೆ ಹೋಗಲು ಬರುವುದಿಲ್ಲ. ಆಮೇಲೆ ನಕಲನ್ನು ಎಬ್ಬಿಸಿದೆ. ಪರದೆಯ ಮೇಲೆ ಸಾಲು ಸಾಲಾಗಿ ಬಂತು: ಈ ಆವೃತ್ತಿಯಿಂದ ಮುಂದಿನದಕ್ಕೆ, ಅದರಿಂದ ಅದರ ಮುಂದಿನದಕ್ಕೆ. ಬಹಳ ಹೊತ್ತು ಮಲಗಿದವರು ಎದ್ದು ಒಂದೊಂದೇ ಮೆಟ್ಟಿಲು ಹತ್ತಿ ಬಂದಂತೆ. ತೆರೆದೆ. ಚೌಕಾಶಿ ಅಕ್ಕ ಇದ್ದಳು. ಬರೇ ರೇಟ್ ಕೇಳಾಂವ ಇದ್ದ. ನನ್ನ ಹಳೆಯ ತಪ್ಪುಗಳೂ ಇದ್ದವು. ಬದನೆಕಾಯಿ ಕಿಲೋಕ್ಕೆ ಎಂಟು ರೂಪಾಯಿ ಇತ್ತು.

ನೋಡುತ್ತ ನೋಡುತ್ತ ನನಗೆ ಆ ಚಿತ್ರದ ಪುಸ್ತಕ ನೆನಪಾಯಿತು. ಕಾರ್ಖಾನೆಯ ಲೆಕ್ಕಕ್ಕೆ ಅಂಜಿದವಳನ್ನು ಈ ಮನುಷ್ಯ ಕೂಡಿಸಿಕೊಂಡು ಚೆಂಡು, ಬೆಕ್ಕು ಎನ್ನಲಿಲ್ಲ. ನಿನಗೆ ಎಲ್ಲಾ ಗೊತ್ತಿದೆ, ಕುಂದ್ರು ಎಂದಿದ್ದರು.

ಆ ಭಾನುವಾರ ಸಂತೆಯ ನಕಲನ್ನು ಹಳೆಯದೊಂದು ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋದೆ. ಕಾಕಾ ಗೋಡೆಯ ಕಡೆ ತಿರುಗಿ ಮಲಗಿದ್ದರು. ಎಬ್ಬಿಸಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕಾಕುಗೆ ಹೇಳುವವಳಂತೆ ಹೇಳಿದೆ.

“ಕಾಕು, ಕಾರ್ಖಾನಿಯೊಳಗ ಕಾಕಾರ ಸಂತಿ ಸಿಕ್ಕೇತಿ. ಯಾರೂ ಕೇಳಲಾರದ್ದು ಅಳಿಸ್ರಿ ಅಂದಾರ ಮಾಲಕರು. ಎಲ್ಲಾ ಸರಿ ಐತೋ ಇಲ್ಲೋ ನೋಡಿ ಇಡೂಣಂತ ಬಂದೇನಿ.”

“ಎಂಥಾ ಸಂತಿ? ಏನ್ ಸಿಗತೈತಿ ಅದರಾಗ?”

“ಬದನಿಕಾಯಿ ಕಿಲೋಕ್ಕ ಎಂಟು ರೂಪಾಯಿ.”

“ಎಂಟು ರೂಪಾಯಿಗೆ ಬದನಿಕಾಯಿ! ಯಾವ ಊರಾಗ? ಹೇಳು, ಚೀಲಾ ತಗೊಂಡು ಈಗ ಹೊಂಡತೇನಿ.”

ಮಂಚದ ಮೇಲಿನ ಬೆನ್ನು ಅಲುಗಿತು. ನಾನು ನೋಡದವಳಂತೆ ಓದುತ್ತ ಹೋದೆ. ಬರೇ ರೇಟ್ ಕೇಳಾಂವನ ಹೆಸರು ಬಂದಾಗ ಕಾಕು ಕೈಯಲ್ಲಿದ್ದ ಮೆಂತ್ಯದ ಸೂಡು ಕೆಳಗಿಟ್ಟು, “ಅಂವ ಬ್ಯಾರೆ ಯಾರೂ ಅಲ್ಲ, ಇಲ್ಲೇ ಮಲಗ್ಯಾರ ನೋಡು. ಇಡೀ ಸಂತಿ ರೇಟ್ ಕೇಳಿ ಬರೇ ಕೈಲೆ ಮನಿಗೆ ಬರತಿದ್ರು,” ಎಂದರು.

ಕಾಕಾ ತಿರುಗಿದರು. ಎದ್ದು ಕೂಡಲು ಕಾಕು ಕೈಕೊಟ್ಟರು. ಅವರ ಕಣ್ಣು ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯಿತು, ಹಿಂದೆ ನನ್ನ ಹೆಗಲ ಮೇಲಿನಿಂದ ಇಳಿಯುತ್ತಿದ್ದ ಹಾಗೆಯೇ. ಒಂದು ಕಡೆ ನಿಂತಿತು. ಎಡಗೈಯ ಬೆರಳಿನಿಂದ ಪರದೆಯನ್ನು ತಟ್ಟಿದರು. ಚೌಕಾಶಿ ಅಕ್ಕ ಕೊಂಡ ಮೆಣಸಿನಕಾಯಿಯ ಸಾಲು.

“ಏನಾತ್ರಿ ಕಾಕಾ? ರೇಟ್ ತಪ್ಪೈತೇನ್ರಿ?”

ಅಲ್ಲವೆಂದು ತಲೆಯಾಡಿಸಿದರು. ಮತ್ತೆ ತಟ್ಟಿದರು, ಈ ಸಲ ಸಿಟ್ಟಿನಿಂದ. ನಾನು ನೋಡಿದೆ. ಕೊಸರಿನ ಕಾಲಂ ಖಾಲಿ ಇತ್ತು. ಗೊತ್ತಾಯಿತು. ಗೊತ್ತಾಯಿತೆಂದು ಹೇಳಲಿಲ್ಲ.

“ತೂಕಾ ತಪ್ಪೈತೇನು?”

ಅವರ ತುಟಿ ಮುಂದೆ ಬಂತು, ಹಿಂದೆ ಹೋಯಿತು. ಕುತ್ತಿಗೆಯ ನರ ಎದ್ದಿತು.

“ಕೊ,” ಎಂದರು ಕಾಕಾ. ಅಷ್ಟಕ್ಕೇ ನಿಂತಿತು. ಗೋಡೆಯ ಕಡೆ ತಿರುಗಿಬಿಡುತ್ತಾರೆ ಎಂದುಕೊಂಡೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಇಷ್ಟು ವರ್ಷ ಕಲಿಸಿದರೂ ಈ ಹುಡುಗಿಗೆ ಬುದ್ಧಿ ಬರಲಿಲ್ಲವಲ್ಲ ಎಂಬ ಹಾಗೆ. “ಕೊ... ಸ... ರ.”

ನಾನು ಒಂದು ಹಿಡಿ ಕೊಸರು ಹಾಕಿದೆ. ಕೀಲಿಮಣೆಯ ಅಕ್ಷರಗಳು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಕಾಕು ಮೆಂತ್ಯ ಎತ್ತಿಕೊಂಡು ಒಳಗೆ ನಡೆದರು. ಅಡುಗೆ ಮನೆಯಿಂದ ಅವರ ದನಿ ಬಂತು. “ಇಷ್ಟು ದಿನಾ ಆದ ಮ್ಯಾಲೆ ಬಾಯಿ ಬಿಟ್ಟಾರ. ಹೆಂಡತೀನ ಕರದ್ರೇನು? ಇಲ್ಲ. ಕೊಸರಂತ, ಕೊಸರ!”

ಆಮೇಲಿನ ಭಾನುವಾರಗಳಲ್ಲಿ ನಮ್ಮ ಸಂತೆ ಕೂಡುತ್ತಿತ್ತು. ಲ್ಯಾಪ್‌ಟಾಪನ್ನು ಅವರ ಮನೆಯಲ್ಲೇ ಬಿಟ್ಟು ಬಂದಿದ್ದೆ. ಉಳಿದ ದಿನ ಕಾಕು ಚೌಕಾಶಿ ಅಕ್ಕನಾಗುತ್ತಿದ್ದರು. ಆ ಪಾತ್ರಕ್ಕೆ ಅವರಿಗೆ ಅಭ್ಯಾಸವೇನೂ ಬೇಕಿರಲಿಲ್ಲ. ಕೆಲವು ದಿನ ಒಂದು ಮಾತು ಬರುತ್ತಿತ್ತು, ಕೆಲವು ದಿನ ಏನೂ ಇಲ್ಲ. ನಿನ್ನೆ ಬಂದ ‘ಬದನಿ’ ಇವತ್ತು ಬರುತ್ತಿರಲಿಲ್ಲ. ಆಗ ಕಾಕಾ ಮಂಚದ ಅಂಚನ್ನು ಗುದ್ದುತ್ತಿದ್ದರು. ಗುದ್ದಿದರೂ ಗೋಡೆಯ ಕಡೆ ತಿರುಗುತ್ತಿರಲಿಲ್ಲ. ಅಭ್ಯಾಸ ಮಾಡಿಸುವ ಹುಡುಗಿಗೆ ನಾನು ಎಲ್ಲ ಹೇಳಿದೆ. ಅವಳು ಸಂತೆಯನ್ನು ನೋಡಿ, “ಇದ ಛಲೋ ಆತ್ರಿ. ಇವರಿಗೆ ಬೇಕಾದ ಮಾತು ಇಲ್ಲೇ ಅದಾವ,” ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿ, ಹಕ್ಕರಿಕೆ ಮಾರಲು ಕೂತಳು. ಒಂದು ಮಾತು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಮೊದಲ ಅಕ್ಷರವನ್ನು ಯಾವಾಗ ಎತ್ತಿಕೊಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ನಮ್ಮಿಬ್ಬರಿಗೂ ಅವ‌ಳೇ ಕಲಿಸಿದಳು.

ಕಾರ್ಖಾನೆಯಲ್ಲಿ ಉಳಿದ ಬೇಡದ ಫೈಲುಗಳನ್ನು ನಮ್ಮವ್ವನ ಗೂಡಿನ ಹಾಗೆ ಒಂದು ಕಡೆ ಸರಿಸಿಟ್ಟು, ಯಾರೂ ಕೇಳದ್ದನ್ನು ಖಾತ್ರಿ ಮಾಡಿಕೊಂಡು, ಒಂದೊಂದಾಗಿ ಅಳಿಸಿದೆ. ಹೊಸ ಸಾಫ್ಟ್‌ವೇರಿಗೆ ಬೇಕಾದಷ್ಟು ಜಾಗವಾಯಿತು. ಮಾಲಕರು ನನ್ನ ಪರದೆಯ ಮುಂದೆ ನಿಂತು ಉಳಿದ ಹೆಸರುಗಳ ಮೇಲೆ ಕಣ್ಣಾಡಿಸಿದರು.

“ಇದೇನ್ರಿ ಅಕ್ಕಾರ, ಸಂತಿ? ಇದು ಯಾರದು?”

“ನಂದ್ರಿ,” ಎಂದೆ.

ಅವರು ವಾಲ್ವಿನ ತುಂಡನ್ನು ಕೈಯಲ್ಲಿ ಒಮ್ಮೆ ತಿರುಗಿಸಿ, ಎರಕದ ಶೆಡ್ಡಿನ ಕಡೆ ಹೋದರು.

ಆ ಸಲದ ಖಂಡೇಪೂಜೆಗೆ ಎಲ್ಲದರ ಜೊತೆ ಸಂತೆಯನ್ನೂ ಮಲಗಿಸಿದೆ, ಮರುದಿನ ಮೊದಲು ಅದನ್ನೇ ಎಬ್ಬಿಸಿದೆ. ಕಾಕಾ ಅವರ ಮನೆಗೆ ಬನ್ನಿ ಕೊಡಲು ಹೋಗುವುದು ಒಂದೆರಡು ದಿನ ತಡವಾಯಿತು. ಹೋದಾಗ ಆ ಹುಡುಗಿಯೂ ಇದ್ದಳು. ಎಷ್ಟು ಸುಧಾರಿಸಿದೆ ಎಂದು ನೋಡಿ ಬರೆದುಕೊಳ್ಳಬೇಕಾಗಿತ್ತೇನೋ, ಅವತ್ತು ಚಿತ್ರದ ಪುಸ್ತಕವನ್ನು ಮತ್ತೆ ಹೊರಗೆ ತೆಗೆದಿದ್ದಳು. ಕಾಕು ಬಾಗಿಲಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟರು.

ಹುಡುಗಿ ಮೊದಲ ಪುಟ ತೆರೆದಳು. ಕೆಂಪಗೆ ಹೊಳೆಯುವ ಸೇಬು.

“ಇದೇನ್ರಿ ಅಜ್ಜಾರ?”

ಕಾಕಾ ಚಿತ್ರವನ್ನು ನೋಡಿದರು. ಹಿಂದಿನಂತೆ ತುಟಿ ಬಿಗಿಯಲಿಲ್ಲ. ಹಣ್ಣನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವವರ ಹಾಗೆ ತಲೆಯನ್ನು ಓರೆ ಮಾಡಿದರು. ಹುಡುಗಿ ಕಾದಳು. ಮೊದಲ ಅಕ್ಷರ ಎತ್ತಿಕೊಡಲಿಲ್ಲ.

“ತು,” ಎಂದರು ಕಾಕಾ. “ತು... ಟ್ಟಿ.”

ಹುಡುಗಿಯ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು, ಇದನ್ನು ಸರಿ ಎಂದು ಬರೆಯಬೇಕೋ ತಪ್ಪು ಎಂದೋ ತಿಳಿಯದೆ. ಬಾಗಿಲಲ್ಲಿ ನಿಂತ ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರೂ ನಗು ಹೊರಬಿತ್ತು.

“ತುಟ್ಟಿ ಆದ್ರ ಬ್ಯಾಡ ಬಿಡ್ರಿ, ನಿಮಗ್ಯಾರು ತಗೋ ಅಂದಾರ?” ಎಂದರು ಅವರು.

ಕಾಕಾ ಹೆಂಡತಿಯ ಕಡೆ ತಿರುಗಿದರು. ಜಗಳಕ್ಕೆ ಮಾತು ಹುಡುಕುತ್ತಿರುವುದು ಅವರ ಮುಖದಲ್ಲಿ ಕಾಣುತ್ತಿತ್ತು. ಸಿಗಲು ತಡವಾಗುತ್ತದೆಂದು ಗೊತ್ತಿದ್ದ ಕಾಕು, ಒಳಗೆ ಹೋಗದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕಾಯುತ್ತ ನಿಂತರು.